ಉಕ್ಕಿನ ಟೋಪಿ ಹಾಕಿಸಿಕೊಳ್ಳದಿರಲು

ಹಳೇ ಮಿಲಿಟರಿ ಹೆಲ್ಮೆಟ್ ಕೈಗೆ ಬಂದ ಕೂಡಲೇ ಮನುಷ್ಯ ಮಾಡುವ ಮೊದಲ ಕೆಲಸ, ಅದನ್ನು ತಲೆಗೇರಿಸಿ ಕನ್ನಡಿ ಮುಂದೆ ನಿಲ್ಲುವುದು. ಎರಡನೆಯ ಕೆಲಸ, ನೆಲದ ಮೇಲೆ ಉದುರಿದ ಚರ್ಮದ ಚೂರು ಹೆಕ್ಕುವುದು. ಎರಡನೇ ಮಹಾಯುದ್ಧದ ಜರ್ಮನ್ ಹೆಲ್ಮೆಟ್ಟಿನ ಒಳಗೆ ಎಂಟು ಚರ್ಮದ ಎಸಳುಗಳಿರುತ್ತವೆ. ಎಂಬತ್ತು ವರ್ಷ ಒಣಗಿ ಅವು ತರಗೆಲೆಯಂತಾಗಿರುತ್ತವೆ. ಜೊತೆಗೆ ಅಳತೆಯ ಕಿತಾಪತಿ ಬೇರೆ. ಒಳಗೆ ‘ಕ್ಯೂ 64’ ಎಂದು ಒತ್ತಿದ್ದರೆ ‘ಕ್ಯೂ’ ಎನ್ನುವುದು ಕ್ವಿಸ್ಟ್ ಕಾರ್ಖಾನೆ, 64 ಎನ್ನುವುದು ಉಕ್ಕಿನ ಶೆಲ್ಲಿನ ಅಳತೆ. ಅದರೊಳಗೆ ಕೂರುವ ಲೈನರ್ (ಆ ಚರ್ಮದ ಒಳಪದರ) 56 ಅಥವಾ 57ರದು, ಅಂದರೆ ಅಷ್ಟು ಸೆಂಟಿಮೀಟರ್ ಸುತ್ತಳತೆಯ ತಲೆಗೆ. 64 ಅಂದರೆ ಧಾರಾಳವಾಯಿತು ಎಂದು ನಂಬಿ 60ರ ತಲೆ ತುರುಕಿದವರ ಕೈಲಿ ಎಷ್ಟು ಲೈನರ್ ಹರಿದಿವೆಯೋ, ಯುದ್ಧದಲ್ಲೂ ಅಷ್ಟು ಹರಿದಿರಲಾರವು.

ಬ್ರಿಟಿಷರ ತಟ್ಟೆಯಾಕಾರದ ಬ್ರೋಡಿ ಹೆಲ್ಮೆಟ್ಟನ್ನಂತೂ ಹಾಕಿ ನೋಡಲೇಬೇಡಿ. ಹಳೆಯವುಗಳ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಬಹಳ. ಒಳಗಿಂದ ಪುಡಿ ಉದುರುತ್ತಿದ್ದರೆ ಬ್ರಷ್ಷು, ವ್ಯಾಕ್ಯೂಮ್ ಕ್ಲೀನರ್ ಎರಡೂ ಹತ್ತಿರ ತರಬಾರದು. ಎರಡೂ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ಎಳೆಗಳನ್ನು ಗಾಳಿಗೆ ಹಾರಿಸುತ್ತವೆ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಮುಚ್ಚಿ, ಮೇಲೆ ಚೀಟಿ ಅಂಟಿಸಿ.

ಹೊಸಬರಿಗೆ ಅಮೆರಿಕದ ಎಂ1 ವಾಸಿ. 1941ರಲ್ಲಿ ಶುರುವಾಗಿ ಯುದ್ಧ ಮುಗಿಯುವಷ್ಟರಲ್ಲಿ 2 ಕೋಟಿಗೂ ಹೆಚ್ಚು ತಯಾರಾದವು. ಮೇಲಾಗಿ ಅದು ತನ್ನ ಜಾತಕವನ್ನು ಮೈಮೇಲೇ ಹೊತ್ತಿರುತ್ತದೆ. ಬೋರಲು ಹಾಕಿ ಅಂಚು ನೋಡಿ. ಸುತ್ತಲೂ ಮಡಚಿದ ಲೋಹದ ಪಟ್ಟಿಯ ಎರಡು ತುದಿಗಳು ಹಣೆಯ ಕಡೆ ಕೂಡಿದ್ದರೆ ಅದು 1944ರ ಕೊನೆಯ ಹೊತ್ತಿನವರೆಗಿನದು. ಹಿಂದಲೆಯ ಕಡೆ ಕೂಡಿದ್ದರೆ ಆಮೇಲಿನದು, ಮತ್ತು ಆ ‘ಆಮೇಲೆ’ 1980ರ ದಶಕದವರೆಗೂ ಎಳೆಯುತ್ತದೆ. ಇನ್ನು ಗದ್ದದ ಪಟ್ಟಿ ಹೊಲಿದ ಕೊಂಡಿ. ಅಲ್ಲಾಡದಂತೆ ಬೆಸೆದಿದ್ದರೆ ಯುದ್ಧದ ಮೊದಲ ವರ್ಷಗಳದ್ದು. ಹೆಲ್ಮೆಟ್ ಕೆಳಗೆ ಬಿದ್ದಾಗ ಆ ಬೆಸುಗೆ ಬಿಟ್ಟುಕೊಳ್ಳುತ್ತಿತ್ತು, ಹಾಗಾಗಿ 1943ರಲ್ಲಿ ಅತ್ತಿತ್ತ ಓಲಾಡುವ ಕೊಂಡಿ ಬಂತು. ಅಲ್ಲಾಡದ ಕೊಂಡಿಯೂ ಹಿಂದಲೆಯ ಕೂಡಿಕೆಯೂ ಒಂದರಲ್ಲೇ ಕಂಡರೆ ಯಾರೋ ಕೈಯಾಡಿಸಿದ್ದಾರೆ ಎಂದೇ ಲೆಕ್ಕ. ಹಳೇ ಶೆಲ್ಲಿಗೆ ಡಿ-ಆಕಾರದ ಹೊಸ ಕೊಂಡಿ ಬೆಸೆದು ‘ಪ್ಯಾರಾಟ್ರೂಪರ್ ಹೆಲ್ಮೆಟ್’ ಮಾಡುವವರಿಗೆ ಬರವಿಲ್ಲ. ಬೆಸುಗೆಯ ಸುತ್ತ ಪೇಂಟು ಸುಟ್ಟು ಮತ್ತೆ ಬಳಿದ ಗುರುತಿದೆಯೇ ಎಂದು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ.

ಹಣೆಯಂಚಿನ ಒಳಗೆ ಒಂದಷ್ಟು ಅಂಕಿ, ಜೊತೆಗೊಂದು ಅಕ್ಷರ ಒತ್ತಿರುತ್ತಾರೆ. ಉಕ್ಕಿನ ಲಾಟ್ ನಂಬರ್ ಅದು. ಜೊತೆಗೆ ಬೇರೆಯಾಗಿ ‘ಎಸ್’ ಇದ್ದರೆ ಶ್ಲೂಟರ್ ಕಂಪನಿಯದು, ಇಲ್ಲದಿದ್ದರೆ ಯುದ್ಧಕಾಲದವು ಬಹುಪಾಲು ಡೆಟ್ರಾಯಿಟಿನ ಮೆಕಾರ್ಡ್ ಕಂಪನಿಯವು. ಪೇಂಟಿನಡಿ ನಂಬರ್ ಕಾಣದಿದ್ದರೆ ಉಪ್ಪುಕಾಗದ ಹಿಡಿದು ಉಜ್ಜುವ ಧೀರರಿದ್ದಾರೆ. ನಂಬರ್ ಸಿಗುತ್ತದೆ, ಹೆಲ್ಮೆಟ್ಟಿನ ಬೆಲೆ ಹೋಗುತ್ತದೆ.

ಶೆಲ್ 1942ರದು, ಲೈನರ್ 1960ರ ದಶಕದ್ದು, ಪಟ್ಟಿ ಅದಕ್ಕೂ ಈಚಿನದು: ಇಂಥ ಕೂಡಾವಳಿ ಸಾಮಾನ್ಯ. ಮೋಸ ಅನ್ನಬೇಡಿ, ಸೈನ್ಯವೇ ಡಿಪೋಗಳಲ್ಲಿ ರಿಪೇರಿ ಮಾಡಿ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಜೋಡಿಸುತ್ತಿತ್ತು. ‘ಹುಟ್ಟಿನಿಂದಲೂ ಒಟ್ಟಿಗಿದ್ದವು’ ಎಂದು ಹೇಳಿ ಬೆಲೆ ಏರಿಸಿದಾಗ ಮಾತ್ರ ಜಗಳ ತೆಗೆಯಿರಿ.

ಜರ್ಮನ್ ಹೆಲ್ಮೆಟ್ಟನ್ನು ಮೊದಲಿಗೇ ಕೊಳ್ಳುವುದು ಈಜು ಬಾರದವನು ಮಡುವಿಗಿಳಿದ ಹಾಗೆ. ಅಷ್ಟು ನಕಲಿ ಇನ್ನಾವುದಕ್ಕೂ ಇಲ್ಲ. ಗಾಳಿಯ ತೂತಿಗೆ ಬೇರೆ ಬುಷ್ (ಲೋಹದ ಪುಟ್ಟ ಬಳೆ) ಕೂರಿಸಿದ್ದರೆ ಎಂ35, ತೂತನ್ನು ಶೆಲ್ಲಿನಲ್ಲೇ ಒತ್ತಿ ಎಬ್ಬಿಸಿದ್ದರೆ ಎಂ40, ಅಂಚು ಒಳಕ್ಕೆ ಸುರುಳಿಯಾಗದೆ ಹೊರಕ್ಕೆ ಚಾಚಿದ್ದರೆ ಎಂ42. ಹಿಂಬದಿಯಲ್ಲಿ ರಿವೆಟ್ ಹೊಡೆದ ಚೌಕದ ಕೊಂಡಿ ಇದ್ದರೆ ಅದು ಹಂಗೆರಿಯದು, ಎಷ್ಟೇ ಜರ್ಮನ್ ಮಾತಾಡಿದರೂ. ಡೆಕಾಲ್ (ಪಕ್ಕಕ್ಕೆ ಅಂಟಿಸಿದ ಲಾಂಛನ) ನೋಡುವಾಗ ಗೀರುಗಳನ್ನು ಹಿಂಬಾಲಿಸಿ. ಪೇಂಟಿನ ಮೇಲೆ ಬಂದ ಗೀರು ಡೆಕಾಲಿನ ಅಂಚಿಗೆ ಬಂದೊಡನೆ ಅದರಡಿ ನುಸುಳಿ ಆಚೆ ಬದಿಯಲ್ಲಿ ಎದ್ದರೆ, ಹೆಲ್ಮೆಟ್ ಹಳೆಯದಾದ ಮೇಲೆ ಡೆಕಾಲ್ ಹುಟ್ಟಿದೆ. ಅಲ್ಟ್ರಾವಯೊಲೆಟ್ ಟಾರ್ಚಿನಡಿ ಗದ್ದದ ಪಟ್ಟಿಯ ದಾರ ನೀಲಿಬಿಳಿಯಾಗಿ ಹೊಳೆದರೂ ಅಷ್ಟೇ; ಹಾಗೆ ಹೊಳೆಯುವುದು ಸಾಮಾನ್ಯವಾಗಿ ಈಚಿನ ದಾರ. ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಹಳೆಯದೆಂದು ಹಿಗ್ಗಬೇಡಿ.

ಗುಂಡು ತಗಲಿದ ತೂತಿಗೆ ದುಪ್ಪಟ್ಟು ಬೆಲೆ ಕೇಳುತ್ತಾರೆ. ತೂತಿನ ಬಾಯಲ್ಲಿ ಉಕ್ಕು ಫಳಫಳ ಅನ್ನುತ್ತಿದ್ದರೆ, ಅಥವಾ ಉಳಿದ ಮೈಯ ತುಕ್ಕಿಗೂ ಅಲ್ಲಿನ ತುಕ್ಕಿಗೂ ಹೊಂದಿಕೆಯೇ ಇಲ್ಲದಿದ್ದರೆ, ಆ ಗುಂಡು ಹೊಡೆದದ್ದು ವ್ಯಾಪಾರಿ. ಬ್ರಿಟಿಷ್ ಹೆಲ್ಮೆಟ್ಟಿನ ಅಂಚಿನಲ್ಲಿ ಎರಡೋ ಮೂರೋ ಸಣ್ಣ ತೂತು ಸಾಲಾಗಿದ್ದರೆ ಅದು ಶತ್ರುವಿನ ಅಮೋಘ ಗುರಿಯಲ್ಲ. ಉಕ್ಕು ಸೈನ್ಯದ ಪರೀಕ್ಷೆಯಲ್ಲಿ ಸೋತಿದೆ, ನಾಗರಿಕ ರಕ್ಷಣೆಯವರಿಗೆ ಸಾಕು ಎಂದು ಕಾರ್ಖಾನೆಯವರೇ ಕೊರೆದ ಗುರುತು.

ಕೊಂಡದ್ದಾಯಿತು, ಇನ್ನು ಕೈ ಸುಮ್ಮನಿರಬೇಕಲ್ಲ! ನಕಲಿ ಮಾಲು ಕೆಡಿಸಿದ್ದಕ್ಕಿಂತ ಹೆಚ್ಚು ಹೆಲ್ಮೆಟ್ಟುಗಳನ್ನು ಶುಚಿತ್ವ ಕೆಡಿಸಿದೆ. ಎಂ1ರ ಪೇಂಟಿನಲ್ಲಿ ಹೊಳಪು ತಡೆಯಲು ಕಾರ್ಕಿನ ಪುಡಿ ಬೆರೆಸುತ್ತಿದ್ದರು. ಸ್ಟೀಲ್ ನಾರು ಹಿಡಿದು ನಾಲ್ಕು ಸಲ ಎಳೆದರೆ ಅದು ಕಿತ್ತು ಬರುತ್ತದೆ, ಮತ್ತೆ ಅಂಟಿಸಲಾಗದು. ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ಹೊಡೆಯಿರಿ. ಮೇಲೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸನ್ನು ಬಟ್ಟೆಗೆ ಸವರಿದಂತೆ ಹಾಕಿಕೊಂಡು ತೆಳುವಾಗಿ ಒರೆಸಿ, ಒಂದು ಮೂಲೆಯಲ್ಲಿ ಪರೀಕ್ಷಿಸಿದ ಮೇಲೆ. ಚರ್ಮ ಒಣಗಿದೆ ಪಾಪ ಎಂದು ಎಣ್ಣೆ ಹಚ್ಚಿದರೆ ಚರ್ಮ ಕಪ್ಪಾಗುತ್ತದೆ, ಎಣ್ಣೆ ಹೋಗಿ ಹಿತ್ತಾಳೆಯ ರಿವೆಟ್ಟಿಗೆ ತಗಲಿ ಹಸಿರು ಕಿಲುಬು ಏಳುತ್ತದೆ. ಚರ್ಮಕ್ಕೆ ಮಾಡಬಹುದಾದ ಉಪಕಾರ, ಮುಟ್ಟದಿರುವುದು.

ಗದ್ದದ ಪಟ್ಟಿಯಿಂದ ಮೊಳೆಗೆ ನೇತುಹಾಕಬೇಡಿ. ಲೈನರ್ ಸಮೇತ ಎಂ1 ಸುಮಾರು 1.3 ಕೆ.ಜಿ. ತೂಗುತ್ತದೆ, ಪಟ್ಟಿ ಹರಿದರೆ ಕೆಳಗೆ ನಿಂತವರಿಗೆ ಹೆಲ್ಮೆಟ್ ಬೇಕಾಗುತ್ತದೆ. ಆರು ಕೂರಿಸಿದರೆ 8 ಕೆ.ಜಿ. ಹತ್ತಿರ, ಶೆಲ್ಫನ್ನೂ ಹಾಗೇ ಆರಿಸಿ. ಒಂದರ ಮೇಲೊಂದು ಪೇರಿಸಿದರೆ ಮೇಲಿನದರ ಅಂಚು ಕೆಳಗಿನದರ ಪೇಂಟನ್ನು ಹೆರೆಯುತ್ತದೆ. ಥರ್ಮೋಕೋಲಿನ ತಲೆಗೆ ಹತ್ತಿ ಬಟ್ಟೆ ಸುತ್ತಿ ಅದರ ಮೇಲಿಡಿ.

ಲೈನರಿನ ಉಣ್ಣೆಯ ಫೆಲ್ಟಿಗೆ ನುಸಿ ಬಿದ್ದಿದ್ದರೆ ಔಷಧಿ ಸಿಂಪಡಿಸಬೇಡಿ. ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಮನೆಯವರಿಗೆ ಮೊದಲೇ ಹೇಳಿರಿ, ಕತ್ತಲಲ್ಲಿ ಐಸ್ ತೆಗೆಯಲು ಹೋದವರು ಗಾಬರಿಯಾದಾರು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿನ ಉಕ್ಕಿನ ಮೇಲೆ ನೀರು ಕೂತು, ನುಸಿ ಬಿಟ್ಟದ್ದನ್ನು ತುಕ್ಕು ತಿನ್ನುತ್ತದೆ.