ಸೂರ್ಯನಿಗೂ ಒಂದು ಪಾಲು

ನೀರು ಹಂಚುವ ಲೆಕ್ಕ ಕಲಿಯಬೇಕು ಅನ್ನುವವರು ಮೊದಲು 1959ರ ನೈಲ್ ಒಪ್ಪಂದ ಓದಬೇಕು. ಈಜಿಪ್ಟ್ ಮತ್ತು ಸುಡಾನ್ ಇಬ್ಬರೇ ಕೂತು ಬರೆದುಕೊಂಡ ಲೆಕ್ಕ ಅದು. ನದಿಯಲ್ಲಿ ವರ್ಷಕ್ಕೆ 8,400 ಕೋಟಿ ಘನ ಮೀಟರ್ ನೀರು ಬರುತ್ತದೆ ಅಂತ ಹಿಡಿದರು. ಈಜಿಪ್ಟಿಗೆ 5,550 ಕೋಟಿ, ಸುಡಾನಿಗೆ 1,850 ಕೋಟಿ. ಮಿಕ್ಕಿದ 1,000 ಕೋಟಿ? ಅದು ಅಸ್ವಾನ್ ಅಣೆಕಟ್ಟಿನ ಹಿನ್ನೀರಿನಲ್ಲಿ ಬಿಸಿಲಿಗೆ ಆವಿಯಾಗಿ, ಇಂಗಿ ಹೋಗುವ ಬಾಬ್ತು. ಅಂದರೆ ಸೂರ್ಯನ ಪಾಲು. ಎಂಥ ಧಾರಾಳ ನೋಡಿ, ಒಂಬತ್ತು ಕೋಟಿ ಮೈಲಿ ದೂರ ಇರುವವನಿಗೂ ಮರೆಯದೆ ಎತ್ತಿಟ್ಟಿದ್ದಾರೆ!

ಆದರೆ ಆ ನೀರಿನಲ್ಲಿ ಸುಮಾರು ಶೇಕಡ 85ರಷ್ಟು ಯಾರ ಬೆಟ್ಟಗಳಿಂದ ಇಳಿದು ಬರುತ್ತದೋ, ಆ ಇಥಿಯೋಪಿಯಾಗೆ ಒಂದು ಚೊಂಬೂ ಇಲ್ಲ. ಮುಂದೆ ಬೇರೆ ಯಾರಾದರೂ ಪಾಲು ಕೇಳಿಕೊಂಡು ಬಂದರೆ ನಾವಿಬ್ಬರೂ ಸೇರಿ ಯೋಚನೆ ಮಾಡೋಣ ಅಂತ ಒಂದು ಮಾತು ಸೇರಿಸಿದ್ದಾರೆ, ಅಷ್ಟೇ. ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಅನ್ನುವ ಗಾದೆಗೆ ಇಷ್ಟು ಚೊಕ್ಕವಾದ ಉದಾಹರಣೆ ಇನ್ನೊಂದು ಸಿಗಲಿಕ್ಕಿಲ್ಲ. ಕೋಡಂಗಿ 2011ರಲ್ಲಿ ಎದ್ದು ತನ್ನ ನೆಲದಲ್ಲಿ ದೊಡ್ಡ ಅಣೆಕಟ್ಟು ಕಟ್ಟೋಕೆ ಶುರು ಮಾಡಿದ. 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯೂ ಆಯಿತು. ಈಗ ಈಜಿಪ್ಟ್ ಐತಿಹಾಸಿಕ ಹಕ್ಕು ಅನ್ನುತ್ತದೆ, ಇಥಿಯೋಪಿಯಾ ಸಾರ್ವಭೌಮ ಹಕ್ಕು ಅನ್ನುತ್ತದೆ. ಸೂರ್ಯ ಮಾತ್ರ ತನ್ನ ಪಾಲನ್ನು ವರ್ಷಾ ವರ್ಷ ತಪ್ಪದೆ ತೆಗೆದುಕೊಂಡು ಹೋಗುತ್ತಿದ್ದಾನೆ. ಒಂದು ದಿನವೂ ಕೋರ್ಟು ಕಚೇರಿ ಅಂತ ಅಲೆದವನಲ್ಲ.

ಇದಕ್ಕೆಲ್ಲ ಅಂತರರಾಷ್ಟ್ರೀಯ ಕಾನೂನು ಇಲ್ವಾ ಅಂತ ಕೇಳಬೇಡಿ. ಇದೆ. ಗಡಿ ದಾಟುವ ನದಿಗಳಿಗೆ ಒಂದು ಕಾನೂನು ಬರೆಯಿರಿ ಅಂತ ವಿಶ್ವಸಂಸ್ಥೆ ತನ್ನ ಕಾನೂನು ಪಂಡಿತರಿಗೆ ಹೇಳಿದ್ದು 1970ರಲ್ಲಿ. ಅದು ತಯಾರಾಗಿ ಮತಕ್ಕೆ ಬಂದದ್ದು 1997ರಲ್ಲಿ. ಅದರ ತಿರುಳು ಇಷ್ಟು: ನ್ಯಾಯವಾಗಿ ಬಳಸಿ, ಪಕ್ಕದವರಿಗೆ ದೊಡ್ಡ ತೊಂದರೆ ಕೊಡಬೇಡಿ, ಏನಾದರೂ ಕಟ್ಟುವ ಮುಂಚೆ ಒಂದು ಮಾತು ಹೇಳಿ. ಮೂರು ಮಾತು, 27 ವರ್ಷ. ಮಾತಿಗೆ ಒಂಬತ್ತು ವರ್ಷ ಬಿತ್ತು. ನ್ಯಾಯವಾಗಿ ಅಂದರೆ ಎಷ್ಟು ಅಂತ ಕೇಳಿದರೆ ಹವಾಮಾನ ನೋಡಿ, ಜನಸಂಖ್ಯೆ ನೋಡಿ, ಈಗಿನ ಬಳಕೆ ನೋಡಿ, ಮುಂದಿನ ಬಳಕೆ ನೋಡಿ ಅಂತ ಉದ್ದದ ಪಟ್ಟಿ ಕೊಟ್ಟಿದ್ದಾರೆ. ಯಾವುದಕ್ಕೆ ಎಷ್ಟು ತೂಕ ಅನ್ನುವುದನ್ನು ನೀವು ನೀವೇ ನೋಡಿಕೊಳ್ಳಬೇಕು. ತಕ್ಕಡಿ ಕೊಟ್ಟಿದ್ದಾರೆ, ತೂಕದ ಕಲ್ಲು ಕೊಟ್ಟಿಲ್ಲ.

ಆ ದಿನದ ಮತದಾನ ಇನ್ನೂ ಚೆನ್ನಾಗಿದೆ. ನೂರಕ್ಕೂ ಹೆಚ್ಚು ದೇಶಗಳು ಹೂಂ ಅಂದವು, ಮೂರೇ ದೇಶ ಊಹೂಂ ಅಂದವು: ಚೀನಾ, ಟರ್ಕಿ, ಬುರುಂಡಿ. ಮೂರಕ್ಕೂ ಏನು ನಂಟು ಅಂತೀರಾ? ಮೂರೂ ನದಿಯ ಮೇಲುಗಡೆ ಕೂತವರು. ಇನ್ನು ಬಾಯಿ ಬಿಡದೆ ತಟಸ್ಥವಾಗಿ ಕೂತವರಲ್ಲಿ ಭಾರತ ಇತ್ತು, ಪಾಕಿಸ್ತಾನವೂ ಇತ್ತು, ಈಜಿಪ್ಟ್ ಇತ್ತು, ಇಥಿಯೋಪಿಯಾವೂ ಇತ್ತು. ಯಾರ ನಡುವೆ ನೀರಿನ ಜಗಳ ಜಾಸ್ತಿಯೋ ಅವರೆಲ್ಲ ಅವತ್ತು ಒಂದೇ ಬೆಂಚಿನಲ್ಲಿ ಒಗ್ಗಟ್ಟಾಗಿ ಕೂತಿದ್ದರು! ಆ ಕಾನೂನು ಜಾರಿಗೆ ಬರೋಕೆ 35 ದೇಶಗಳ ಒಪ್ಪಿಗೆ ಬೇಕಿತ್ತು. ಅದು ಕೂಡಿಬರುವಷ್ಟರಲ್ಲಿ 2014 ಆಗಿತ್ತು.

ನನ್ನನ್ನು ಕೇಳಿದರೆ ನಿಜವಾದ ಕಾನೂನು ಪುಸ್ತಕದಲ್ಲಿ ಇಲ್ಲ, ನೆಲದ ಇಳಿಜಾರಿನಲ್ಲಿದೆ. ಮೇಲೆ ನಿಂತವನಿಗೆ ಸಾರ್ವಭೌಮತ್ವ ನೆನಪಾಗುತ್ತದೆ, ಕೆಳಗೆ ನಿಂತವನಿಗೆ ನೆರೆಹೊರೆ ಧರ್ಮ. ಸಂಶಯ ಇದ್ದರೆ ರಿಯೋ ಗ್ರಾಂಡೆ ನದಿಯ ಕಥೆ ಕೇಳಿ. ಅಮೆರಿಕದ ರೈತರು ಮೇಲುಗಡೆ ನೀರೆಲ್ಲ ಎಳೆದುಕೊಂಡು ನಮಗೆ ಬರೀ ಮರಳು ಬಿಡುತ್ತಿದ್ದಾರೆ ಅಂತ ಮೆಕ್ಸಿಕೋ ಗೋಳಾಡಿತು. ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ 1895ರಲ್ಲಿ ಅಭಿಪ್ರಾಯ ಕೊಟ್ಟರು: ನಮ್ಮ ನೆಲದಲ್ಲಿ ಹರಿಯುವ ನೀರಿಗೆ ನಾವೇ ಯಜಮಾನರು, ಕಾನೂನಿನ ಪ್ರಕಾರ ಒಂದು ಹನಿಯನ್ನೂ ಕೊಡಬೇಕಾಗಿಲ್ಲ. ಹನ್ನೊಂದು ವರ್ಷದ ಮೇಲೆ ವರ್ಷಕ್ಕೆ 60,000 ಎಕರೆ-ಅಡಿ (ಒಂದು ಎಕರೆ ನೆಲದ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು ಅಂದರೆ ಒಂದು ಎಕರೆ-ಅಡಿ) ಕೊಡೋಕೆ ಒಪ್ಪಿದಾಗಲೂ, ಇದು ಬರೀ ಸೌಜನ್ಯಕ್ಕೆ ಕೊಡುತ್ತಿದ್ದೇವೆ, ಹಕ್ಕು ಅಂತ ತಿಳಿಯಬೇಡಿ ಅಂತ ಕಾಗದದಲ್ಲೇ ಬರೆಸಿಕೊಂಡರು.

ಈಗ ಅದೇ ನದಿಯ ಜೊತೆ ಸ್ವಲ್ಪ ಕೆಳಗೆ ನಡೆದು ಬನ್ನಿ. ಅಲ್ಲಿ ಮೆಕ್ಸಿಕೋದ ಕೊಂಚೋಸ್ ನದಿ ಬಂದು ಸೇರುತ್ತದೆ. ಆಟ ಉಲ್ಟಾ ಆಯಿತಲ್ಲ! ಅಲ್ಲಿಂದಾಚೆಗೆ ಅಮೆರಿಕವೇ ಕೆಳಗಿನ ಮನೆ. 1944ರ ಒಪ್ಪಂದದ ಪ್ರಕಾರ ಮೆಕ್ಸಿಕೋ ತನ್ನ ಕಡೆಯ ಉಪನದಿಗಳಿಂದ ವರ್ಷಕ್ಕೆ ಸರಾಸರಿ ಮೂರೂವರೆ ಲಕ್ಷ ಎಕರೆ-ಅಡಿ ನೀರು ಬಿಡಬೇಕು, ಐದು ವರ್ಷಕ್ಕೊಮ್ಮೆ ಲೆಕ್ಕ. ಬರಗಾಲ ಬಂದು ಬಾಕಿ ಬಿತ್ತು. 2025ರಲ್ಲಿ ಟ್ರಂಪ್ ಸಾಹೇಬರು, ಮೆಕ್ಸಿಕೋ ನಮ್ಮ ಟೆಕ್ಸಸ್ ರೈತರ ನೀರು ಕದಿಯುತ್ತಿದೆ, ಸುಂಕ ಹಾಕುತ್ತೇನೆ ಅಂತ ಗುಡುಗಿದರು. ಹಾರ್ಮನ್ ಬರೆದಿಟ್ಟ ಹಾಳೆಯನ್ನು ಮಾತ್ರ ಯಾರೂ ಹೊರಗೆ ತೆಗೆಯಲಿಲ್ಲ.

ನಾವೇನು ಕಮ್ಮಿ ಇಲ್ಲ ಬಿಡಿ. ಪಶ್ಚಿಮಕ್ಕೆ ತಿರುಗಿದರೆ ನಾವು ಮೇಲಿನ ಮನೆ. 1960ರ ಸಿಂಧೂ ಒಪ್ಪಂದವನ್ನು 2025ರ ಏಪ್ರಿಲಿನಲ್ಲಿ ಅಮಾನತಿನಲ್ಲಿ ಇಟ್ಟೆವು. ಅದಕ್ಕೆ ಕಾರಣ ಏನು ಅನ್ನುವುದು ಎಲ್ಲರಿಗೂ ಗೊತ್ತು, ಅದರಲ್ಲಿ ತಮಾಷೆ ಏನಿಲ್ಲ. ತಮಾಷೆ ಇರುವುದು ಮಾರನೇ ದಿನವೇ ನದಿ ನಿಂತುಹೋಯಿತು ಅಂದುಕೊಂಡವರಲ್ಲಿ. ಅಷ್ಟು ನೀರನ್ನು ನಿಲ್ಲಿಸೋಕೆ ಅಣೆಕಟ್ಟು ಬೇಕಲ್ವಾ? ಸಿಂಧೂ, ಝೇಲಂ, ಚಿನಾಬ್‌ಗಳಿಗೆ ವಾಟ್ಸಾಪ್ ಇಲ್ಲ. ಇನ್ನು ಈಶಾನ್ಯಕ್ಕೆ ತಿರುಗಿದರೆ ನಾವೇ ಕೆಳಗಿನ ಮನೆ. ಅಲ್ಲಿ ಬ್ರಹ್ಮಪುತ್ರದ ಮೇಲುಗಡೆ ಚೀನಾ ಭಾರೀ ಅಣೆಕಟ್ಟಿನ ಕೆಲಸ ಹಚ್ಚಿಕೊಂಡಿದೆ, ಕೆಳಗಿನವರ ಹಿತ ಕಾಯಬೇಕು ಅಂತ ನಾವು ಹೇಳುತ್ತಿದ್ದೇವೆ. ಬಾಂಗ್ಲಾದೇಶದ ಕಡೆ ತಿರುಗಿದರೆ ಮತ್ತೆ ಮೇಲಿನ ಮನೆ. ನಮ್ಮ ರಾಯಭಾರಿಗಳ ಕತ್ತು ನೋಯಲ್ವಾ ಅಂತ ನನಗೆ ಆಗಾಗ ಅನಿಸುತ್ತದೆ.

ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರೆ ಆಗಲ್ವಾ? ಹೋಗಬಹುದು. ಡ್ಯಾನ್ಯೂಬ್ ನದಿಯ ಅಣೆಕಟ್ಟಿನ ಜಗಳ ಹೊತ್ತು ಹಂಗೇರಿ ಮತ್ತು ಸ್ಲೊವಾಕಿಯಾ ಹೋದವು. 1997ರಲ್ಲಿ ಇಬ್ಬರದೂ ತಪ್ಪು, ಹೋಗಿ ಮಾತಾಡಿಕೊಳ್ಳಿ ಅಂತ ತೀರ್ಪು ಬಂತು. ಪಾಪ, ಮಾತಾಡಿ ಬಗೆಹರಿಯದೆ ತಾನೇ ಅವರು ಅಲ್ಲಿಗೆ ಹೋದದ್ದು?

ಆದರೆ ನನಗೆ ತುಂಬಾ ಇಷ್ಟವಾದ ಕೇಸು ಸಿಲಾಲಾದ್ದು. ಬೊಲಿವಿಯಾದಿಂದ ಚಿಲಿಗೆ ಇಳಿಯುವ ಒಂದು ಸಣ್ಣ ತೊರೆ ಅದು, ಸಮುದ್ರ ಮಟ್ಟದಿಂದ 4,000 ಮೀಟರಿಗೂ ಎತ್ತರದಲ್ಲಿ, ಮರುಭೂಮಿಯ ಅಂಚಿನಲ್ಲಿ. ಇದು ನದಿಯೇ ಅಲ್ಲ, ನಮ್ಮ ನೆಲದ ಒರತೆ, ಕಾಲುವೆ ತೋಡಿದ್ದರಿಂದ ನಿಮ್ಮ ಕಡೆ ಹರಿಯುತ್ತಿದೆ ಅಷ್ಟೇ ಅಂತ ಬೊಲಿವಿಯಾದ ವಾದ. ಆ ಕಾಲುವೆ ತೋಡಿದ್ದು 1928ರಲ್ಲಿ ಒಂದು ರೈಲ್ವೆ ಕಂಪನಿ, ಉಗಿಬಂಡಿಗಳಿಗೆ ನೀರು ಬೇಕಿತ್ತು ಅಂತ. ಉಗಿಬಂಡಿಗಳು ಹೋದವು, ಕಾಲುವೆ ಉಳಿಯಿತು, ಅದರ ಜೊತೆ ಜಗಳವೂ ಉಳಿಯಿತು. ಚಿಲಿ 2016ರಲ್ಲಿ ಕೇಸು ಹಾಕಿತು. ವಕೀಲರು ಬಂದರು, ನೀರಿನ ತಜ್ಞರು ಬಂದರು, ದಪ್ಪ ದಪ್ಪ ವರದಿಗಳು ಬಂದವು. ವಾದ ಮಾಡುತ್ತಾ ಮಾಡುತ್ತಾ ಇಬ್ಬರೂ ಒಂದೊಂದೇ ಅಂಶ ಒಪ್ಪಿಕೊಳ್ಳುತ್ತಾ ಬಂದರು. 2022ರ ಡಿಸೆಂಬರ್ 1ರಂದು ತೀರ್ಪು ಓದುವ ಹೊತ್ತಿಗೆ, ಹೆಚ್ಚಿನ ಅಂಶಗಳಲ್ಲಿ ನಿಮ್ಮ ನಡುವೆ ಈಗ ಜಗಳವೇ ಇಲ್ಲ, ನಾವು ತೀರ್ಮಾನ ಮಾಡೋಕೆ ಏನೂ ಉಳಿದಿಲ್ಲ ಅಂತ ನ್ಯಾಯಾಧೀಶರು ಹೇಳಬೇಕಾಯಿತು. ಬೊಲಿವಿಯಾಗೆ ಬೇಕಿದ್ದರೆ ತನ್ನ ನೆಲದಲ್ಲಿರುವ ಆ ಕಾಲುವೆ ಕಿತ್ತು ಹಾಕಬಹುದಾ ಅನ್ನುವ ಪ್ರಶ್ನೆಯೂ ಇತ್ತು. ಅದಕ್ಕೂ ಅಷ್ಟರಲ್ಲಿ ಚಿಲಿ ಹೂಂ ಅಂದಾಗಿತ್ತು.