ಫ್ಲಾಗ್‌ಸ್ಟಾಡ್ ದನಿಗಿರುವ ಕಾಪು ಗಂಗೂಬಾಯಿಯವರ ದನಿಗೆ ಏಕಿಲ್ಲ?

ಗಂಗೂಬಾಯಿ ಹಾನಗಲ್ ಅವರ ಯೌವನದ ಗ್ರಾಮಫೋನ್ ಪ್ಲೇಟೊಂದನ್ನು ಯಾರೋ ಯೂಟ್ಯೂಬಿಗೆ ಏರಿಸಿದ್ದಾರೆ. ಹೆಸರಿನ ಜಾಗದಲ್ಲಿ ‘ಅಪರೂಪದ ಗಾಯನ’ ಎಂದಷ್ಟೇ ಇದೆ. ರಾಗ ಬರೆದಿಲ್ಲ, ವರ್ಷ ಬರೆದಿಲ್ಲ, ಪ್ಲೇಟಿನ ನಂಬರೂ ಇಲ್ಲ. ವೇಗ ಹೆಚ್ಚಾಗಿ ಹಾರ್ಮೋನಿಯಂ ಚೀರುತ್ತಿದೆ. ಕೆಳಗೆ ಸಾಲುಗಟ್ಟಿ ನಮಸ್ಕಾರಗಳು. ಓಸ್ಲೋದಲ್ಲಿ ಕೂತು ಇದನ್ನು ಕೇಳುವಾಗ ಹೊಟ್ಟೆ ಉರಿಯುತ್ತದೆ. ಇಲ್ಲಿನವರು ತಮ್ಮ ಒಪೆರಾ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ದನಿಯನ್ನು ಹೇಗೆ ಜೋಪಾನ ಮಾಡಿದ್ದಾರೆ ಎನ್ನುವುದು ಕಣ್ಣೆದುರಿಗೇ ಇದೆಯಲ್ಲ.

ಫ್ಲಾಗ್‌ಸ್ಟಾಡ್ 1895ರಲ್ಲಿ ಹಾಮಾರ್‌ನಲ್ಲಿ ಹುಟ್ಟಿದವರು. ಅಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ, ಓಸ್ಲೋದ ಒಪೆರಾ ಮಂದಿರ ನಿಂತಿರುವ ಚೌಕಕ್ಕೆ ಅವರದೇ ಹೆಸರು, 1997ರಲ್ಲಿ ಬಂದ 100 ಕ್ರೋನರ್ ನೋಟಿನ ಮೇಲೆ ಅವರ ಮುಖವಿತ್ತು. ಇದರಲ್ಲೆಲ್ಲ ನಾವೇನೂ ಹಿಂದೆ ಬಿದ್ದವರಲ್ಲ. ಶಾಲು, ಹಾರ, ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ಎಲ್ಲ ನಮ್ಮಲ್ಲೂ ಉಂಟು. ವ್ಯತ್ಯಾಸ ಇರುವುದು ಧ್ವನಿಮುದ್ರಿಕೆಗಳನ್ನು ಇಟ್ಟುಕೊಳ್ಳುವ ರೀತಿಯಲ್ಲಿ.

1952ರ ಜೂನ್‌ನಲ್ಲಿ ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನಲ್ಲಿ ಟೇಪಿಗೆ ಇಳಿದ, ವಾಗ್ನರ್‌ನ ಒಪೆರಾ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ ಕೇಳಿ. ಫುರ್ಟ್‌ವೆಂಗ್ಲರ್ ನಿರ್ದೇಶನ, ಫಿಲ್‌ಹಾರ್ಮೋನಿಯಾ ವಾದ್ಯವೃಂದ, ಟ್ರಿಸ್ಟಾನ್ ಆಗಿ ಲುಡ್ವಿಗ್ ಸುಟ್‌ಹೌಸ್. ಇಸೋಲ್ಡೆ ಆಗಿ ಹಾಡಿದ ಫ್ಲಾಗ್‌ಸ್ಟಾಡ್‌ಗೆ ಆಗ 56 ವರ್ಷ. ವಾಗ್ನರ್‌ನ ಇಡೀ ವಾದ್ಯಸಮುದ್ರದ ಮೇಲೆ ಆ ದನಿ ಕೂಗುವುದೇ ಇಲ್ಲ. ಕೆಳಗಿನಿಂದ ಎಳೆದು ತರದೆ ಸ್ವರದ ನಡುವಿಗೇ ಬಂದು ನಿಲ್ಲುತ್ತದೆ, ಮಂದ್ರದಿಂದ ತಾರಕ್ಕೆ ಹೋಗುವಾಗ ಎಲ್ಲೂ ಬೆಸುಗೆ ಕಾಣದು. ಕೊನೆಗೆ ಇಸೋಲ್ಡೆಯ ಪ್ರಾಣ ಹೋಗುವಲ್ಲಿ, ಕಡೆಯ ಪದದ ಎಫ್ ಶಾರ್ಪ್ ಸ್ವರವನ್ನು ಅವರು ಮೆಲ್ಲಗೆ ಹಿಡಿದಿಡುವಾಗ ವಾದ್ಯಗಳು ಸುತ್ತ ಏರುತ್ತಲೇ ಇರುತ್ತವೆ, ದನಿ ಮುಳುಗುವುದಿಲ್ಲ. ಇದಕ್ಕೆ ಸಮನಾದದ್ದನ್ನು ನಾನು ಬೇರೆ ಕೇಳಿಲ್ಲ.

ಎರಡನೇ ಅಂಕದಲ್ಲಿ ಮಾತ್ರ ಎರಡು ತಾರ ಸಿ ಸ್ವರಗಳು ಅವರವಲ್ಲ. ಇನ್ನೊಬ್ಬ ಗಾಯಕಿ ಎಲಿಜಬೆತ್ ಶ್ವಾರ್ಜ್‌ಕಾಫ್ ಹಾಡಿ ಸೇರಿಸಿದ್ದು. ಇಲ್ಲಿನ ಅಭಿಮಾನಿಗಳೆಲ್ಲರಿಗೂ ಇದು ಗೊತ್ತು, ಮುಚ್ಚಿಡುವವರಿಲ್ಲ. ಅದರಿಂದ ಫ್ಲಾಗ್‌ಸ್ಟಾಡ್ ಒಂದು ಕೂದಲಷ್ಟೂ ಕುಗ್ಗಲಿಲ್ಲ. ನಮ್ಮಲ್ಲಿ ಇಂಥದ್ದನ್ನು ಆಡಿದರೆ ಅಪಚಾರವೆಂದು ಬಾಯಿ ಮುಚ್ಚಿಸುತ್ತಾರೆ.

ಇದೇ ಪಾತ್ರವನ್ನು ಅವರು 1936ರಲ್ಲಿ ಲಂಡನ್ನಿನ ಒಪೆರಾ ಮಂದಿರ ಕೋವೆಂಟ್ ಗಾರ್ಡನ್‌ನಲ್ಲಿ ಫ್ರಿಟ್ಜ್ ರೈನರ್ ನಿರ್ದೇಶನದಲ್ಲಿ ಹಾಡಿದ್ದೂ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಹದಿನಾರು ವರ್ಷದಲ್ಲಿ ದನಿಯ ಕೆಳಭಾಗ ಎಷ್ಟು ಗಾಢವಾಯಿತು, ತುದಿ ಎಷ್ಟು ಬಿಗಿಯಾಯಿತು ಎಂದು ಧೈರ್ಯವಾಗಿ ಹೇಳಬಹುದು. ತಾರೀಖು ಖಚಿತ, ವೇಗ ಖಚಿತ.

ವೇಗದ ಮಾತು ಸಣ್ಣದಲ್ಲ. 78ರ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟು, ಎಂದರೂ ಹಲವು 76ರಿಂದ 80ರ ನಡುವೆ ಕೊರೆದವು. ವೇಗ ಸುಮಾರು 6% ಹೆಚ್ಚಿದರೆ ಷಡ್ಜ (ಸ) ಹಾರ್ಮೋನಿಯಂನ ಕಪ್ಪು ಒಂದರಿಂದ ಪಕ್ಕದ ಮನೆ ಬಿಳಿ ಎರಡಕ್ಕೆ ಹಾರುತ್ತದೆ, ದನಿ ತೆಳುವಾಗುತ್ತದೆ, ತಾನಗಳಿಗೆ ಇಲ್ಲದ ಚುರುಕು ಬರುತ್ತದೆ. ಒಪೆರಾದಲ್ಲಿ ಬರೆದ ಸ್ವರಲಿಪಿ ಇರುವುದರಿಂದ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ನಮ್ಮ ಷಡ್ಜ ಹಾಡುವವರ ಇಷ್ಟ. ಆದರೂ ದಾರಿ ಇದೆ: ಹಾರ್ಮೋನಿಯಂ ಸ್ವರ ಎರಡು ಮನೆಗಳ ನಡುವೆ ಬಿದ್ದರೆ ವೇಗದ ಮೇಲೆ ಅನುಮಾನ ಪಡಬೇಕು. ರೇಡಿಯೋ ಟೇಪಾದರೆ ಅದರಲ್ಲಿ ಉಳಿದ ಕರೆಂಟಿನ ಗುಂಯ್ ಸದ್ದನ್ನು ಅಳೆಯಬೇಕು. 50 ಹರ್ಟ್ಸ್ ಇರಬೇಕಾದದ್ದು 53 ಇದ್ದರೆ ಟೇಪು 6% ಜೋರಾಗಿ ಓಡಿದೆ. ಆ ಸದ್ದು ಮೂಲ ಮುದ್ರಣದ್ದೋ, ಕಂಪ್ಯೂಟರಿಗೆ ಇಳಿಸುವಾಗ ಸೇರಿದ್ದೋ ಎಂದು ಮೊದಲು ನೋಡಿಕೊಳ್ಳಬೇಕು.

ಗಂಗೂಬಾಯಿಯವರ ವಿಷಯದಲ್ಲಿ ಇದು ಇನ್ನೂ ಮುಖ್ಯ. 1930ರ ದಶಕದಲ್ಲಿ ‘ಗಾಂಧಾರಿ’ ಹೆಸರಿನಲ್ಲಿ ಬಂದ ಪ್ಲೇಟುಗಳಲ್ಲಿ ಅವರದು ತೆಳು ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ನಾವೆಲ್ಲ ಬಲ್ಲ ಆ ಗಡಸು, ಗಂಭೀರ ದನಿಯಾಯಿತು. ವೇಗ ಹೆಚ್ಚಿಸಿ ಏರಿಸಿದ ಪ್ಲೇಟಿನಲ್ಲಿ ಎಷ್ಟು ತೆಳುವು ಅವರದು, ಎಷ್ಟು ಯಂತ್ರದ್ದು? ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಇಂಥ ಗಾಯಕಿಯ ಅರ್ಧ ಜೀವನವನ್ನು ಅಂದಾಜಿನ ಮೇಲೆ ಬಿಟ್ಟಿದ್ದೇವೆ.

ಸೂಜಿಯೂ ಅಷ್ಟೇ. 78ರ ನಂತರ ಬಂದ ಎಲ್‌ಪಿ ಪ್ಲೇಟಿನ ಸೂಜಿಯ ತುದಿ ಸುಮಾರು 0.018 ಮಿ.ಮೀ. ತ್ರಿಜ್ಯದ್ದು, 78ಕ್ಕೆ ಸುಮಾರು 0.07 ಬೇಕು. ಸಣ್ಣ ಸೂಜಿ ಗೆರೆಯ ತಳದ ಧೂಳಿನಲ್ಲಿ ಉಜ್ಜಿಕೊಂಡು ಹೋಗಿ ಹಾಡಿಗಿಂತ ಕರಕರವನ್ನೇ ಹೆಚ್ಚು ಕೇಳಿಸುತ್ತದೆ. ಮೇಲೆ ಇಂದಿನ ಆಂಪ್ಲಿಫೈಯರಿನ ಆರ್‌ಐಎಎ ಹೊಂದಿಕೆ (ಏರುಸ್ವರ, ಇಳಿಸ್ವರಗಳ ಮಟ್ಟ ಸರಿದೂಗಿಸುವ ವ್ಯವಸ್ಥೆ) ಸೇರಿದರೆ 10,000 ಹರ್ಟ್ಸ್ ಬಳಿ ಸುಮಾರು 14 ಡೆಸಿಬಲ್ ಕತ್ತರಿ ಬೀಳುತ್ತದೆ, ದನಿ ಕಂಬಳಿ ಹೊದ್ದಂತಾಗುತ್ತದೆ. ಆ ಹೊಂದಿಕೆ ಬಂದದ್ದೇ 1954ರಲ್ಲಿ. ಹಳೆಯ ಪ್ಲೇಟಿಗೂ ಅದಕ್ಕೂ ಸಂಬಂಧವಿಲ್ಲ.

ಒಪ್ಪಬೇಕಾದ ಮಾತುಗಳೂ ಇವೆ. ಕೋವೆಂಟ್ ಗಾರ್ಡನ್‌ನ 1936 ಮತ್ತು 1937ರ ಎರಡು ಪ್ರದರ್ಶನಗಳನ್ನು ಬೆರೆಸಿ ಒಂದೇ ಎಂದು ಮಾರಿದ ಪ್ರಮಾದ ಪಾಶ್ಚಾತ್ಯರ ಕಡೆಯೇ ಆಯಿತು. ಯುದ್ಧದ ನಂತರ ಗಂಡನ ರಾಜಕೀಯದ ಕಾರಣಕ್ಕೆ ಇದೇ ನಾರ್ವೆ ಫ್ಲಾಗ್‌ಸ್ಟಾಡ್‌ರನ್ನು ತುಂಬ ನೋಯಿಸಿತ್ತು. ಇನ್ನು ಮೂರು ನಿಮಿಷದ ಪ್ಲೇಟು ನಮ್ಮ ಗಾಯಕರ ಅಳತೆಯಾಗಲು ಸಾಧ್ಯವೂ ಇಲ್ಲ. ಒಂದು ಖಯಾಲಿನ ವಿಸ್ತಾರ ಉಳಿದದ್ದು ಶಿಷ್ಯರ ಗಂಟಲಲ್ಲಿ. ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಪ್ಲೇಟುಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಲು ಬಿಟ್ಟಿದೆ. ಆ ಕೆಲಸಕ್ಕೆ ಕೈಮುಗಿಯುತ್ತೇನೆ.

ಆದರೂ ಪ್ಲೇಟು ಮನೆಯಲ್ಲಿಟ್ಟುಕೊಂಡ ಧಾರವಾಡ, ಹುಬ್ಬಳ್ಳಿ, ಮೈಸೂರಿನವರಲ್ಲಿ ಕೇಳಿಕೊಳ್ಳುವುದಿಷ್ಟು. ಏರಿಸುವ ಮೊದಲು ಲೇಬಲಿನ ಎರಡೂ ಬದಿಯ ಫೋಟೋ ತೆಗೆಯಿರಿ. ಲೇಬಲಿನ ಪಕ್ಕದ ಖಾಲಿ ಜಾಗದಲ್ಲಿ ಸಣ್ಣದಾಗಿ ಒತ್ತಿರುವ ನಂಬರನ್ನು ಭೂತಗನ್ನಡಿ ಹಿಡಿದು ಬರೆದುಕೊಳ್ಳಿ. ಕರಕರ ತೆಗೆಯುವ ಸಾಫ್ಟ್‌ವೇರ್ ಮುಟ್ಟದ ಒಂದು ಪ್ರತಿಯನ್ನು ಹಾಗೇ ಉಳಿಸಿ. ಹಾರ್ಮೋನಿಯಂ ಬಲ್ಲವರಿಂದ ಷಡ್ಜ ಯಾವ ಮನೆಯಲ್ಲಿದೆ ಎಂದು ಕೇಳಿ ಹಾಡಿನ ಹೆಸರಿನ ಜೊತೆ ಬರೆಯಿರಿ.