ವಿಸ್ಕಿ ಅವರದ್ದು, ಮಸಿ ಪಕ್ಕದ ಮನೆಯವರದ್ದು

ಅಮೆರಿಕದ ಟೆನೆಸ್ಸೀ ರಾಜ್ಯದ ಲಿಂಕನ್ ಕೌಂಟಿಯಲ್ಲಿ ಜಾಕ್ ಡೇನಿಯಲ್ಸ್ ವಿಸ್ಕಿ ಕಂಪನಿಯ ಗೋದಾಮುಗಳಿವೆ. ಅವುಗಳ ಅಕ್ಕಪಕ್ಕದ ಮನೆಗಳ ಫೋಟೊ ನೋಡಿ. ಗೋಡೆ, ಸೂರು, ಬೇಲಿ, ಕಾರು, ರಸ್ತೆ ಬದಿಯ ಬೋರ್ಡು, ಮರದ ಕೊಂಬೆ ಎಲ್ಲಕ್ಕೂ ಸೌದೆ ಒಲೆ ಮೇಲಿನ ಅಟ್ಟದ ಹಾಗೆ ಕಪ್ಪು ಹಿಡಿದಿದೆ. ಇದು ಹೊಗೆಯ ಮಸಿ ಅಲ್ಲ, ಜೀವ ಇರೋ ಬೂಷ್ಟು. ಬೌಡೋಯಿನಿಯಾ ಅಂತ ಹೆಸರು. ಮದ್ಯದ ಆವಿಯೇ ಅದರ ಊಟ.

ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗೋಕೆ ಇಟ್ಟ ವಿಸ್ಕಿ ಮರದ ಸಂದಿಯಿಂದ ಆವಿಯಾಗಿ ಹೋಗ್ತಾನೇ ಇರುತ್ತೆ. ತಣ್ಣನೆ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಶೇ. 10ಕ್ಕೂ ಹೆಚ್ಚು. ಉದ್ಯಮದವರು ಇದನ್ನ ಪ್ರೀತಿಯಿಂದ 'ಏಂಜೆಲ್ಸ್ ಶೇರ್', ಅಂದ್ರೆ ದೇವದೂತರ ಪಾಲು ಅಂತಾರೆ. ಅಮೃತ್‌ನವರಂತೂ ಒಂದು ದುಬಾರಿ ವಿಸ್ಕಿಗೆ 'ಗ್ರೀಡಿ ಏಂಜೆಲ್ಸ್' (ದುರಾಸೆಯ ದೇವದೂತರು) ಅಂತಲೇ ಹೆಸರಿಟ್ಟರು. (ಆ ಬಾಟಲಿ ಕೊಳ್ಳೋ ಯೋಗ್ಯತೆ ನಮಗಿಲ್ಲ ಬಿಡಿ.)

ದೇವದೂತರು ಕುಡಿದರು ಅಂದುಬಿಟ್ಟರೆ ಲೆಕ್ಕ ಮುಗೀತಾ? ಆವಿ ಮೇಲಕ್ಕೆ ಹೋಗಿ ಮಾಯವಾಗಲ್ಲ, ಗಾಳಿ ಬೀಸಿದ ಕಡೆ ಹರಡುತ್ತೆ. ಅಲ್ಲಿ ಇಬ್ಬನಿಯ ತೇವವೂ ಸಿಕ್ಕಿತೋ, ಬೂಷ್ಟಿಗೆ ಹಬ್ಬ. ಈ ಬೂಷ್ಟು ಸಾಮಾನ್ಯದ್ದಲ್ಲ. ಎಥನಾಲ್, ಅಂದ್ರೆ ಮದ್ಯಸಾರ ಸೋಕಿದರೆ ಬಿಸಿಲ ಕಾವು ತಡೆಯೋ ಶಕ್ತಿಯೂ ಅದಕ್ಕೆ ಬರುತ್ತೆ. ಹಾಗಾಗಿ ಮಧ್ಯಾಹ್ನ ಕಾಯೋ ತಗಡಿನ ಮೇಲೂ ಬದುಕುತ್ತೆ. ಸ್ಟೀಲನ್ನೂ ಬಿಡಲ್ಲ. ಬ್ಲೀಚ್ ಹಾಕಿ ಪ್ರೆಶರ್ ವಾಷ್ ಮಾಡಿದರೆ ಹೋಗುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಹಾಜರು.

ಇದೇನು ಹೊಸದಾಗಿ ಕಂಡದ್ದೂ ಅಲ್ಲ. ಫ್ರಾನ್ಸಿನ ಕೊನ್ಯಾಕ್‌ನಲ್ಲಿ ಬ್ರಾಂದಿ ಗೋದಾಮುಗಳ ಸುತ್ತ ಇರೋ ಈ ಕಪ್ಪಿನ ಬಗ್ಗೆ ಔಷಧ ತಜ್ಞ ಆಂಟೊನಿನ್ ಬೌಡೋಯಿನ್ 1872ರಲ್ಲೇ ಬರೆದಿದ್ದ. ಆಮೇಲೆ ಅದನ್ನ ಬೂಷ್ಟುಗಳ ಬೇರೆ ಯಾವುದೋ ಕುಲಕ್ಕೆ (ಜೀನಸ್) ಸೇರಿಸಿ ಎಲ್ಲರೂ ಮರೆತರು. ಕೆನಡಾದ ವಿಸ್ಕಿ ಗೋದಾಮೊಂದರ ಸುತ್ತಲಿನ ಕಪ್ಪಿನ ಮೂಲ ಹುಡುಕಿ ಹೊರಟಿದ್ದ ಟೊರಾಂಟೊದ ಬೂಷ್ಟು ತಜ್ಞ ಜೇಮ್ಸ್ ಸ್ಕಾಟ್ ಮತ್ತವರ ಸಂಗಡಿಗರು 2007ರಲ್ಲಿ ಅದಕ್ಕೆ ಹೊಸ ಕುಲವನ್ನೇ ಮಾಡಿ, ಆ ಹಳೇ ಫ್ರೆಂಚ್ ಮನುಷ್ಯನ ಹೆಸರಿಟ್ಟರು.

ಕಂಪನಿಗಳದ್ದು ಒಂದೇ ಪಲ್ಲವಿ: ಇದು ಪ್ರಕೃತಿಯಲ್ಲೇ ಇರೋ ಬೂಷ್ಟು, ಆರೋಗ್ಯಕ್ಕೆ ಹಾನಿ ಅಂತ ಸಾಬೀತಾಗಿಲ್ಲ. ಎರಡೂ ನಿಜವೇ. ಆದ್ರೆ ಪಕ್ಕದ ಮನೆಯವರು ಕೇಳ್ತಿರೋದು ಅದಲ್ಲವಲ್ಲ! ಪ್ರಕೃತಿಯಲ್ಲಿ ಇದ್ದ ಬೂಷ್ಟಿಗೆ ವರ್ಷವಿಡೀ ಊಟ ಹಾಕ್ತಿರೋರು ಯಾರು, ಗೋಡೆ ತೊಳೆಯೋ ಖರ್ಚು ಯಾರದ್ದು ಅನ್ನೋದು ಅವರ ಪ್ರಶ್ನೆ. ಆವಿ ಹೊರಗೆ ಹೋಗದ ಹಾಗೆ ಹಿಡಿದಿಟ್ಟರೆ ವಿಸ್ಕಿ ರುಚಿ ಕೆಡುತ್ತೆ ಅನ್ನೋದು ಕಂಪನಿಗಳ ಇನ್ನೊಂದು ವಾದ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಬ್ರಾಂದಿ ಗೋದಾಮುಗಳ ಆವಿಗೆ ವಾಯುಮಾಲಿನ್ಯದ ಕಾನೂನೇ ಕಡಿವಾಣ ಹಾಕಿದೆ. ಅಲ್ಲಿನ ಬ್ರಾಂದಿ ವ್ಯಾಪಾರವೇನೂ ಮುಳುಗಿಲ್ಲ.

ಲಿಂಕನ್ ಕೌಂಟಿಯಲ್ಲಿ ಕಂಪನಿ ಆರು ಗೋದಾಮು ಕಟ್ಟಿ, ಇನ್ನೂ ಹದಿನಾಲ್ಕು ಕಟ್ಟೋ ಯೋಜನೆ ಹಾಕಿತ್ತು. ನೆರೆಯವರೊಬ್ಬರು ಕೌಂಟಿ ಆಡಳಿತದ ಮೇಲೆ ಕೋರ್ಟಿಗೆ ಹೋದರು. 2023ರಲ್ಲಿ ಒಂದು ಗೋದಾಮಿನ ಕೆಲಸ ನಿಂತಿತು, ಅದೂ ಪರ್ಮಿಟ್ ಸರಿಯಿಲ್ಲ ಅನ್ನೋ ಕಾರಣಕ್ಕೆ. ಪರ್ಮಿಟ್ ಸರಿ ಮಾಡಿಕೊಳ್ಳೋದು ದೊಡ್ಡ ಕಂಪನಿಗೆ ಎಷ್ಟು ಹೊತ್ತು? ನನ್ನ ಪ್ರಕಾರ, ಆವಿ ಹಿಡಿಯೋ ಯಂತ್ರ ಹಾಕಿಸಬೇಕು, ಇಲ್ಲಾ ಸುತ್ತಲಿನ ಅಷ್ಟೂ ಮನೆಗಳನ್ನ ಪ್ರತಿವರ್ಷ ತಮ್ಮ ಖರ್ಚಲ್ಲಿ ತೊಳೆಸಿಕೊಡಬೇಕು. ಬಾಟಲಿ ಬೆಲೆಗೆ ನಾಲ್ಕು ಕಾಸು ಸೇರಿಸಿದರೂ ಕುಡಿಯೋರು ಕೊಟ್ಟೇ ಕೊಡ್ತಾರೆ.